ರೀಲ್ ಓಡುತ್ತಿದೆ, ಟೇಬಲ್ ಖಾಲಿ: ದಾವಣಗೆರೆಯ ಹೋಟೆಲಿನವರಿಗೊಂದು ದೋಷ ನಿವಾರಣೆ ಕೈಪಿಡಿ

ದಾವಣಗೆರೆಯ ಹೋಟೆಲ್ ಮಾಲೀಕರ ಹತ್ತಿರ ಸೋಷಿಯಲ್ ಮೀಡಿಯಾ ಮಾತೆತ್ತಿದರೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ: "ಇನ್‌ಸ್ಟಾದಾಗೆ ಎಲ್ಲಾ ನೋಡ್ತಾರೆ, ಹೋಟ್ಲಿಗೆ ಮಾತ್ರ ಯಾರೂ ಬರಲ್ಲ." ದೂರು ನಿಜವೇ. ಅದಕ್ಕೆ ಸಿಗುವ ಸಲಹೆಗಳೂ ಗೊತ್ತಿರುವವೇ. ಇನ್ನೊಂದು ರೀಲ್ ಮಾಡಿಸಿ, ದೊಡ್ಡ ಕ್ಯಾಮೆರಾದವರನ್ನು ಕರೆಸಿ, ಬೂಸ್ಟ್‌ಗೆ, ಅಂದರೆ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದಕ್ಕೆ, ದುಡ್ಡು ಹಾಕಿ. ದೋಷ ಎಲ್ಲಿದೆ ಎಂದು ನೋಡದೆ ಕೊಡುವ ಸಲಹೆಗಳಿವು.

ಫೋನಿನಲ್ಲಿ ನೋಡಿದವನು ನಿಮ್ಮ ಟೇಬಲ್ಲಿಗೆ ಬಂದು ಕೂರುವ ತನಕ ಹಲವು ಹೆಜ್ಜೆಗಳಿವೆ. ಅವನು ಬಂದು ಹೋಗುವಷ್ಟು ಹತ್ತಿರದಲ್ಲಿರಬೇಕು. ಹೋಟೆಲ್ ಎಲ್ಲಿದೆ ಎಂದು ತಿಳಿಯಬೇಕು. ಕೇಳಿದ್ದಕ್ಕೆ ಉತ್ತರ ಸಿಗಬೇಕು. ಬಂದಾಗ ಬಾಗಿಲು ತೆಗೆದಿರಬೇಕು. ತೋರಿಸಿದ ತಿಂಡಿ ತಟ್ಟೆಗೆ ಬರಬೇಕು. ಇದರಲ್ಲಿ ಯಾವ ಹೆಜ್ಜೆಯಲ್ಲಿ ಗಿರಾಕಿ ತಪ್ಪಿಹೋಗುತ್ತಿದ್ದಾನೆ ಎಂದು ಹುಡುಕಬೇಕು. ನಾನು ಕಂಡಂತೆ ತೊಂದರೆ ರೀಲಿನಲ್ಲಿ ಇರುವುದು ಕಡಿಮೆ, ರೀಲ್ ಮುಗಿದ ಮೇಲೆ ಇರುವುದೇ ಹೆಚ್ಚು. ಅದನ್ನು ಸರಿಮಾಡಲು ಬಹುಪಾಲು ದುಡ್ಡೂ ಬೇಕಿಲ್ಲ.

ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಒಂದೇ ಷರತ್ತು: ಒಮ್ಮೆಗೆ ಒಂದನ್ನೇ ಬದಲಿಸಿ, ಒಂದು ವಾರ ನೋಡಿ. ಒಂದೇ ದಿನ ಹೆಸರು, ಸಮಯ, ಫೋಟೊ, ಜಾಹೀರಾತು ಎಲ್ಲ ಬದಲಿಸಿದರೆ ಯಾವುದರಿಂದ ಜನ ಬಂದರು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಏನನ್ನೂ ಮುಟ್ಟುವ ಮೊದಲು: ಗಲ್ಲಾದಲ್ಲೊಂದು ನೋಟ್‌ಬುಕ್

ಬಿಲ್ ಕೊಡುವಾಗ ಗಲ್ಲಾದಲ್ಲಿ ಕೂತವರು ಹೊಸ ಮುಖಗಳನ್ನು ಒಂದೇ ಮಾತು ಕೇಳಲಿ: "ಅಣ್ಣಾ, ನಮ್ ಹೋಟ್ಲು ಹೆಂಗೆ ಗೊತ್ತಾತು?" ಉತ್ತರಕ್ಕೆ ತಕ್ಕಂತೆ ನೋಟ್‌ಬುಕ್ಕಿನಲ್ಲಿ ಗೀಟು ಎಳೆದರೆ ಸಾಕು. ರೀಲ್ ನೋಡಿ, ಗೂಗಲ್‌ನಲ್ಲಿ ಹುಡುಕಿ, ಯಾರೋ ಹೇಳಿ, ದಾರಿಯಲ್ಲಿ ಬೋರ್ಡ್ ಕಂಡು. ಈ ನಾಲ್ಕು ಕಾಲಂ ಇಲ್ಲದಿದ್ದರೆ ಮುಂದಿನದೆಲ್ಲ ಊಹೆಯೇ ಆಗುತ್ತದೆ.

ವ್ಯಾಪಾರ ಇಳಿದಿದ್ದಕ್ಕೆ ಫೋನೇ ಕಾರಣವಾ ಎಂಬುದನ್ನೂ ಇಲ್ಲೇ ಖಚಿತ ಮಾಡಿಕೊಳ್ಳಿ. ಈ ಸೋಮವಾರವನ್ನು ಕಳೆದ ಸೋಮವಾರದ ಜೊತೆ ಹೋಲಿಸಬೇಕು, ನಿನ್ನೆಯ ಭಾನುವಾರದ ಜೊತೆ ಅಲ್ಲ. ಶ್ರಾವಣ ಬಂದರೆ ಮಾಂಸಾಹಾರಿ ಹೋಟೆಲಿಗೆ ಜನ ಕಡಿಮೆ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದರೆ ವಿದ್ಯಾನಗರ, ಡೆಂಟಲ್ ಕಾಲೇಜ್ ರಸ್ತೆಯ ಕಡೆ ಸಂಜೆಯ ಗದ್ದಲವೇ ಇರುವುದಿಲ್ಲ. ದುಗ್ಗಮ್ಮನ ಜಾತ್ರೆಯ ವಾರದ ಲೆಕ್ಕ ಬೇರೆ ಯಾವ ವಾರಕ್ಕೂ ಹೊಂದುವುದಿಲ್ಲ. ಇಂಥ ಇಳಿತಕ್ಕೆ ಇನ್‌ಸ್ಟಾಗ್ರಾಂನಲ್ಲಿ ಮದ್ದು ಹುಡುಕಬೇಡಿ.

ಲಕ್ಷಣ: ನೋಡಿದವರು ಸಾವಿರಾರು, ಬಂದವರು ಯಾರೂ ಇಲ್ಲ

ಮೊದಲ ತಪಾಸಣೆ ಬಿಟ್ಟಿ, ಎರಡು ನಿಮಿಷದ ಕೆಲಸ. ನಿಮ್ಮದು ಪ್ರೊಫೆಷನಲ್ ಅಕೌಂಟ್ ಆಗಿದ್ದರೆ ಇನ್‌ಸೈಟ್ಸ್ ತೆರೆದು, ನೋಡುಗರು ಯಾವ ಊರಿನವರು ಎಂಬ ಪಟ್ಟಿ ನೋಡಿ. ಪ್ರೊಫೆಷನಲ್ ಅಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಬಹುದು, ಖರ್ಚಿಲ್ಲ. ಪಟ್ಟಿಯ ಮೇಲ್ತುದಿಯಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗ ಇದ್ದರೆ ಒಂದು ಅರ್ಥ. ಬೆಂಗಳೂರು, ಮುಂಬೈ, ಹೈದರಾಬಾದ್ ಇದ್ದರೆ ಇನ್ನೊಂದು.

ನಮ್ಮೂರಿನವರಿಗೆ ಇಲ್ಲೊಂದು ವಿಶೇಷ ತೊಡಕಿದೆ. "ದಾವಣಗೆರೆ ಬೆಣ್ಣೆ ದೋಸೆ" ಎನ್ನುವುದು ಈಗ ಊರಿನ ವಿಳಾಸವಾಗಿ ಉಳಿದಿಲ್ಲ, ತಿಂಡಿಯ ಹೆಸರಾಗಿಬಿಟ್ಟಿದೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಅದೇ ಹೆಸರಿನ ಬೋರ್ಡ್‌ಗಳಿವೆ. ಆ ಮಾತನ್ನು ಹ್ಯಾಶ್‌ಟ್ಯಾಗ್ ಮಾಡಿ ರೀಲ್ ಹಾಕಿದರೆ ಅದು ತಲುಪುವುದು ಎಲ್ಲೆಲ್ಲಿಯೋ ಇರುವ ದೋಸೆ ಪ್ರಿಯರನ್ನು. ಅವರು ಬಾಯಲ್ಲಿ ನೀರೂರಿಸಿಕೊಂಡು ಲೈಕ್ ಒತ್ತಿ, ತಮ್ಮ ಬೀದಿಯ ಹೋಟೆಲಿಗೆ ಹೋಗುತ್ತಾರೆ. 260 ಕಿಲೋಮೀಟರ್ ದೂರದಲ್ಲಿರುವ ಬೆಂಗಳೂರಿನವರ ಲೈಕಿನಿಂದ ನಿಮ್ಮ ಸಂಜೆಯ ಟೇಬಲ್ ತುಂಬುವುದಿಲ್ಲ.

ಇನ್ನು ರೀಲನ್ನೇ ನೋಡೋಣ. ಮಾಮೂಲಿ ಬೆಣ್ಣೆ ದೋಸೆ ರೀಲ್ ಹೀಗಿರುತ್ತದೆ: ಕಾವಲಿ ಮೇಲೆ ಹಿಟ್ಟು ಸುರಿದು ತಿರುವುತ್ತಾರೆ, ಬೆಣ್ಣೆಯ ಮುದ್ದೆ ಬೀಳುತ್ತದೆ, ಕರಗಿ ಅಂಚಿನ ತನಕ ಹರಿದು ನೊರೆ ಕಟ್ಟುತ್ತದೆ, ಆಲೂಗಡ್ಡೆ ಪಲ್ಯ, ಪಕ್ಕದಲ್ಲಿ ಬಿಳಿ ಕಾಯಿ ಚಟ್ನಿ, ಹಿಂದೆ ಯಾವುದೋ ಹಾಡು. ನೋಡಲು ಚೆಂದವೇ. ಈಗ ಹೋಟೆಲಿನ ಹೆಸರನ್ನು ಕೈಯಿಂದ ಮುಚ್ಚಿ ಮತ್ತೆ ನೋಡಿ. ಇದು ಯಾವ ಹೋಟೆಲ್? ಯಾವ ರಸ್ತೆ? ದೋಸೆಗೆ ಎಷ್ಟು? ಎಷ್ಟು ಗಂಟೆಗೆ ಸಿಗುತ್ತದೆ? ನಾಲ್ಕಕ್ಕೂ ಉತ್ತರವಿಲ್ಲ. ಊರಿನ ಹತ್ತು ಹೋಟೆಲುಗಳಲ್ಲಿ ಯಾವುದರ ರೀಲ್ ಬೇಕಾದರೂ ಆಗಬಹುದು.

ಇದನ್ನು ಸರಿಮಾಡುವುದು ಸುಲಭ. ಮೊದಲ ಮೂರು ಸೆಕೆಂಡಿನಲ್ಲಿ ಬೋರ್ಡ್ ಅಥವಾ ಎಲ್ಲರಿಗೂ ಗೊತ್ತಿರುವ ಗುರುತು ಬರಲಿ. ಜಯದೇವ ಸರ್ಕಲ್ ಕಂಡರೆ ದಾವಣಗೆರೆಯವನ ಬೆರಳು ಸ್ಕ್ರೋಲ್ ಮಾಡುವುದನ್ನು ನಿಲ್ಲಿಸುತ್ತದೆ, ಮುಂಬೈಯವನದು ಮುಂದೆ ಸರಿಯುತ್ತದೆ. ನಮಗೆ ಬೇಕಾದದ್ದೂ ಅದೇ. ವಿವರಣೆಯ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆಯಿರಿ: "ಜಯದೇವ ಸರ್ಕಲ್‌ನಿಂದ ಎರಡು ನಿಮಿಷ, ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 9, ಭಾನುವಾರವೂ ತೆಗೆದಿರುತ್ತೆ." ಬೆಲೆ ಹಾಕಿ. ಪೋಸ್ಟ್ ಮಾಡುವಾಗ ಲೊಕೇಶನ್ ಸೇರಿಸಿ. ಹಿನ್ನೆಲೆಗೆ ಬಾಂಬೆ ಹಾಡಿನ ಬದಲು ಭಟ್ಟರದೋ ಸಪ್ಲೈಯರ್‌ದೋ ದನಿ ಇರಲಿ. "ಎರಡ್ ಬೆಣ್ಣೆ, ಒಂದ್ ಖಾಲಿ" ಎಂದು ಕೂಗುವ ದನಿ ಈ ಊರಿನವರಿಗೆ ಯಾವ ಹಾಡಿಗಿಂತಲೂ ಬೇಗ ಕಿವಿಗೆ ಬೀಳುತ್ತದೆ.

ಫಲ ಅಳೆಯುವಾಗ ಲೈಕ್ ಲೆಕ್ಕ ಬಿಡಿ. ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಎಂದು ನೋಡಿ. ಗೆಳೆಯನಿಗೆ ಕಳಿಸಿದವನು "ಸಂಜಿಗೆ ಹೋಗಾನ ಬಾ" ಎಂದು ಕರೆಯುತ್ತಿದ್ದಾನೆ. ನೋಡುಗರ ಒಟ್ಟು ಸಂಖ್ಯೆ ಅರ್ಧಕ್ಕಿಳಿದು ಊರಿನವರ ಪಾಲು ಏರಿದರೆ ಗಾಬರಿಯಾಗಬೇಡಿ. ಅದು ವಾಸಿಯಾಗುತ್ತಿರುವ ಗುರುತು.

ಲಕ್ಷಣ: "ಬಂದಿದ್ವಿ, ಸಿಗಲಿಲ್ಲ", "ಕ್ಲೋಸ್ ಅಂತ ತೋರಿಸ್ತು"

ರೀಲ್ ತನ್ನ ಕೆಲಸ ಮಾಡಿದೆ, ನಕ್ಷೆ ಕೈಕೊಟ್ಟಿದೆ. ತೀರಾ ಸಾಮಾನ್ಯವಾದ, ಯಾರೂ ನೋಡದ ದೋಷ ಇದು.

ನಿಮ್ಮ ಫೋನಿನಲ್ಲಿ ನೋಡಬೇಡಿ. ನಿಮ್ಮದರಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಪಕ್ಕದ ಅಂಗಡಿಯವರ ಫೋನ್ ಇಸಿದುಕೊಂಡು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಹೋಟೆಲ್ ಹುಡುಕಿ. ಹೆಸರನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹಾಕಿ. ಆಮೇಲೆ ಹೆಸರೇ ಹಾಕದೆ "ಬೆಣ್ಣೆ ದೋಸೆ" ಅಥವಾ "ಖಾನಾವಳಿ" ಎಂದಷ್ಟೇ ಹುಡುಕಿ. ಏನೇನು ತಪ್ಪಿರಬಹುದು?

ಪಿನ್ ಹಿಂದಿನ ಗಲ್ಲಿಯಲ್ಲಿ ಬಿದ್ದಿರಬಹುದು. ಮಧ್ಯಾಹ್ನ ಮುಚ್ಚಿ ಸಂಜೆ ತೆಗೆಯುವ ಹೋಟೆಲ್ ಇಡೀ ದಿನ ತೆಗೆದಿದೆ ಎಂದು ಕಾಣಿಸುತ್ತಿರಬಹುದು. ದಿನಕ್ಕೆ ಎರಡು ಅವಧಿ ಹಾಕಲು ಅಲ್ಲಿ ಅವಕಾಶವಿದೆ. ಹಳೇ ಬಾಡಿಗೆದಾರರ ಹೆಸರಿನಲ್ಲಿ ಅದೇ ಜಾಗಕ್ಕೆ ಇನ್ನೊಂದು ನಮೂದಿದ್ದು, ರಿವ್ಯೂಗಳೆಲ್ಲ ಅದಕ್ಕೆ ಬೀಳುತ್ತಿರಬಹುದು. ಫೋನ್ ನಂಬರ್ ಕೆಲಸ ಬಿಟ್ಟುಹೋದ ಹುಡುಗನದ್ದಿರಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ "ಶಾಶ್ವತವಾಗಿ ಮುಚ್ಚಿದೆ" ಎಂಬ ಕೆಂಪು ಸಾಲು. ಗೂಗಲ್ ಮ್ಯಾಪ್ಸ್‌ನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಹಬ್ಬಕ್ಕೆ ನಾಲ್ಕು ದಿನ ಬಾಗಿಲು ಹಾಕಿದಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಸೂಚಿಸಿರಬಹುದು.

ಪರಿಹಾರಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ನಿಮ್ಮ ಹೆಸರಿನಲ್ಲಿರಬೇಕು. ಅದು ಪೂರ್ತಿ ಉಚಿತ. ಹೋಟೆಲ್ ನಿಮ್ಮದೇ ಎಂದು ದೃಢಪಡಿಸಲು ಸಾಮಾನ್ಯವಾಗಿ ವಿಡಿಯೊ ಕೇಳುತ್ತದೆ. ರಸ್ತೆ, ಬೋರ್ಡ್, ಒಳಗಿನ ಅಡುಗೆಮನೆ, ನೀವೇ ಬೀಗ ತೆಗೆಯುವುದು ಅಥವಾ ಗಲ್ಲಾ ತೆರೆಯುವುದನ್ನು ತಡೆಯಿಲ್ಲದೆ ಒಂದೇ ಸಲ ಚಿತ್ರೀಕರಿಸಿ. ದೃಢವಾದ ಮೇಲೆ ಸಮಯ ತಿದ್ದಿ, ಹಬ್ಬದ ರಜೆಯನ್ನು ಮುಂಚೆಯೇ ನಮೂದಿಸಿ, ಮೆನು ಮತ್ತು ಬೆಲೆಯ ಫೋಟೊ ಹಾಕಿ. ಅಲ್ಲೇ ಎಷ್ಟು ಜನ ದಾರಿ ಕೇಳಿದರು, ಎಷ್ಟು ಜನ ಕರೆ ಮಾಡಿದರು ಎಂಬ ಲೆಕ್ಕವೂ ಸಿಗುತ್ತದೆ. ದಾರಿ ಕೇಳಿದವರ ಸಂಖ್ಯೆ ಲೈಕಿಗಿಂತ ನೂರು ಪಾಲು ನಂಬಿಕೆಗೆ ಅರ್ಹ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಚ್ಚರಿಕೆ: "ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಹೋಟೆಲ್ ಲಿಸ್ಟಿಂಗ್ ತೆಗೆದುಹಾಕ್ತೀವಿ, ಇಷ್ಟು ಕಟ್ಟಿ" ಎಂಬ ಕರೆ ಬಂದರೆ ಇಟ್ಟುಬಿಡಿ. ಲಿಸ್ಟಿಂಗ್‌ಗೆ ಶುಲ್ಕವಿಲ್ಲ. ದೃಢೀಕರಣದ ಕೋಡ್ ಯಾರು ಕೇಳಿದರೂ ಕೊಡಬೇಡಿ.

ಹೆದ್ದಾರಿ ಪಕ್ಕದವರಿಗೆ ಪ್ರತ್ಯೇಕ ಮಾತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವ ಕುಟುಂಬ ಚಿತ್ರದುರ್ಗ ದಾಟಿದ ಮೇಲೆ "ದಾವಣಗೆರೇಲಿ ದೋಸೆ ತಿನ್ನೋಣ" ಎಂದು ಫೋನ್ ತೆಗೆಯುತ್ತದೆ. ಅವರಿಗೆ ನಿಮ್ಮ ರೀಲಿನ ಚೆಂದ ಬೇಕಿಲ್ಲ. ಯಾವ ಕಡೆ ಸರ್ವೀಸ್ ರಸ್ತೆ, ಕಾರು ನಿಲ್ಲಿಸಲು ಜಾಗ ಇದೆಯಾ, ಶೌಚಾಲಯ ಸ್ವಚ್ಛ ಇದೆಯಾ, ಈ ಹೊತ್ತಿನಲ್ಲಿ ದೋಸೆ ಸಿಗುತ್ತದಾ, ಇಷ್ಟೇ ಬೇಕು. ಊರೊಳಗಿನ ಹೋಟೆಲಾದರೆ ಬೈಪಾಸ್‌ನಿಂದ ಒಳಬರುವ ದಾರಿಯನ್ನು ಅರ್ಧ ನಿಮಿಷದ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂ ಪ್ರೊಫೈಲ್‌ನ ಮೇಲ್ಗಡೆ ಪಿನ್ ಮಾಡಿ. ಪಕ್ಕದಲ್ಲಿ ಕೂತವರು ಚಿತ್ರೀಕರಿಸಲಿ, ಗಾಡಿ ಓಡಿಸುವವರು ಫೋನ್ ಮುಟ್ಟುವುದು ಬೇಡ.

ಲಕ್ಷಣ: ಕಮೆಂಟ್, ಮೆಸೇಜ್ ಬರುತ್ತವೆ, ಅಲ್ಲಿಗೇ ನಿಲ್ಲುತ್ತವೆ

ಇನ್‌ಸ್ಟಾಗ್ರಾಂ ಮೆಸೇಜ್‌ಗಳಲ್ಲಿ "ರಿಕ್ವೆಸ್ಟ್ಸ್" ಎಂಬ ಇನ್ನೊಂದು ಪೆಟ್ಟಿಗೆಯಿದೆ. ಪರಿಚಯವಿಲ್ಲದವರ ಮಾತು ಅಲ್ಲಿಗೆ ಹೋಗಿ ಬೀಳುತ್ತದೆ. ಮೊದಲು ಅದನ್ನು ತೆರೆಯಿರಿ. "ಭಾನುವಾರ 20 ಜನಕ್ಕೆ ಊಟ ಆಗುತ್ತಾ?" ಎಂದು ಕೇಳಿದವರು ಅಲ್ಲೇ ಕಾದು ಬೇರೆ ಕಡೆ ಹೋಗಿರುವುದು ಕಣ್ಣಿಗೆ ಬೀಳಬಹುದು.

"ರೇಟ್ ಎಷ್ಟ್ರಿ?" ಎಂಬ ಕಮೆಂಟಿಗೆ "ಡಿಎಂ ಮಾಡಿ" (ಖಾಸಗಿಯಾಗಿ ಮೆಸೇಜ್ ಮಾಡಿ) ಎಂಬ ಉತ್ತರ ಕೊಡಬೇಡಿ. ದೋಸೆಯ ಬೆಲೆ ಗುಟ್ಟಲ್ಲ. ಕೇಳಿದವರಿಗೆ ಅಲ್ಲೇ ಹೇಳಿದರೆ ಕೇಳದೆ ಸುಮ್ಮನೆ ಓದುತ್ತಿರುವ ಐವತ್ತು ಜನಕ್ಕೂ ಉತ್ತರ ಸಿಕ್ಕಿತು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಉತ್ತರವನ್ನು ಪ್ರೊಫೈಲ್‌ನಲ್ಲೇ ಬರೆದುಬಿಡಿ. ಹಿಟ್ಟು ರುಬ್ಬುವ ಹೊತ್ತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ, ಒಪ್ಪುತ್ತೇನೆ. ವಾಟ್ಸಾಪ್ ಬಿಸಿನೆಸ್ ಉಚಿತ ಆಪ್. ಅದರಲ್ಲಿ ಮೆನು ಹಾಕಿ, "ಮಧ್ಯಾಹ್ನ 3ರ ಮೇಲೆ ಉತ್ತರಿಸುತ್ತೇವೆ, ತುರ್ತಿದ್ದರೆ ಕರೆ ಮಾಡಿ" ಎಂಬ ತಾನಾಗಿ ಹೋಗುವ ಸಂದೇಶ ಇಟ್ಟುಕೊಳ್ಳಿ.

ಲಕ್ಷಣ: ಚೆನ್ನಾಗಿ ಓಡುತ್ತಿದ್ದ ರೀಲ್‌ಗಳು ದಿಢೀರ್ ನಿಂತವು

ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸ್ಟೇಟಸ್ ತೆರೆಯಿರಿ. ನಿಯಮ ಮೀರಿದ ಪೋಸ್ಟ್ ಇದ್ದರೆ, ಫಾಲೋ ಮಾಡದವರಿಗೆ ನಿಮ್ಮದನ್ನು ತೋರಿಸುವುದನ್ನು ನಿಲ್ಲಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಲ್ಲ ಹಸಿರಿದ್ದರೆ "ನಮ್ಮ ಅಕೌಂಟ್ ಬ್ಲಾಕ್ ಮಾಡಿದಾರೆ" ಎಂಬ ಅನುಮಾನ ಬಿಟ್ಟುಬಿಡಿ.

ಮುಂದಿನದು ಹಾಡು. ಬಿಸಿನೆಸ್ ಅಕೌಂಟ್‌ಗೆ ಸಿನಿಮಾ ಹಾಡುಗಳ ಪೂರ್ತಿ ಭಂಡಾರ ಸಿಗುವುದಿಲ್ಲ, ಹಕ್ಕಿನ ತೊಂದರೆ ಇಲ್ಲದ ಸಂಗೀತ ಮಾತ್ರ. ಬೇರೆ ಕಡೆಯಿಂದ ಹಾಡು ಅಂಟಿಸಿ ಹಾಕಿದರೆ ದನಿ ಹೋಗಬಹುದು, ವಿಡಿಯೊವೇ ಹೋಗಬಹುದು. ಬೇರೆ ಆಪ್‌ನ ಗುರುತು ಮೂಲೆಯಲ್ಲಿರುವ ವಿಡಿಯೊವನ್ನೂ ಇನ್‌ಸ್ಟಾಗ್ರಾಂ ಹೊಸಬರಿಗೆ ಅಷ್ಟಾಗಿ ತೋರಿಸುವುದಿಲ್ಲ.

ಆಮೇಲೆ, ಯಾರಾದರೂ ದುಡ್ಡು ಕೊಟ್ಟು ಫಾಲೋವರ್ಸ್ ಹಾಕಿಸಿದ್ದಾರಾ ಕೇಳಿ. ಹಾಗೆ ಬಂದವರು ಮನುಷ್ಯರೇ ಅಲ್ಲದಿರಬಹುದು, ಯಾವುದೋ ದೇಶದವರಿರಬಹುದು. ಅವರು ರೀಲ್ ನೋಡುವುದಿಲ್ಲ, ನಿಮ್ಮವರೇ ನೋಡುತ್ತಿಲ್ಲ ಎಂದು ಇನ್‌ಸ್ಟಾಗ್ರಾಂ ಲೆಕ್ಕ ಹಾಕುತ್ತದೆ. ಇದಕ್ಕೆ ಒಂದು ದಿನದ ಪರಿಹಾರವಿಲ್ಲ. ಅನುಮಾನದ ಖಾತೆಗಳನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು.

ಸಿಟ್ಟಿನಲ್ಲಿ ಹಳೇ ರೀಲ್‌ಗಳನ್ನು ಅಳಿಸುವುದು ಬೇಡ. ಅವುಗಳಿಂದಲೇ ಯಾವುದು ಊರಿನವರನ್ನು ತಲುಪಿತ್ತು ಎಂದು ತಿಳಿಯಬೇಕಿದೆ.

ಲಕ್ಷಣ: ಬೂಸ್ಟ್‌ಗೆ ದುಡ್ಡು ಹೋಯ್ತು, ಗಲ್ಲಾಕ್ಕೆ ಏನೂ ಬರಲಿಲ್ಲ

ಮೇಲಿನ ಭಾಗಗಳನ್ನು ಸರಿಮಾಡದೆ ಇಲ್ಲಿಗೆ ಬಂದಿದ್ದರೆ ಹಿಂದಕ್ಕೆ ಹೋಗಿ. ತಪ್ಪು ಪಿನ್ ಇರುವ ಹೋಟೆಲಿಗೆ ದುಡ್ಡು ಕೊಟ್ಟು ಜನ ಕಳಿಸಿದರೆ ಸಿಟ್ಟಾದ ಜನ ಹೆಚ್ಚಾಗುತ್ತಾರೆ ಅಷ್ಟೇ.

ಆಮೇಲೆ ಎರಡು ನೋಡಿ. ಒಂದು, ಜಾಗ. ತಾನಾಗಿ ಬಂದ ಆಯ್ಕೆಯನ್ನೇ ಒತ್ತಿದ್ದರೆ ರಾಜ್ಯಕ್ಕೆಲ್ಲ, ಕೆಲವೊಮ್ಮೆ ದೇಶಕ್ಕೆಲ್ಲ ಹೋಗಿರುತ್ತದೆ. ಹೋಟೆಲಿನ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಹಾಕಬಹುದು. ತಿಂಡಿ ಹೋಟೆಲಿಗೆ ಐದಾರು ಕಿಲೋಮೀಟರ್ ಸಾಕು, ಹರಿಹರದವರೂ ಬರಬೇಕೆಂದರೆ 15. ಎರಡು, ಗುರಿ. "ಪ್ರೊಫೈಲ್ ಭೇಟಿ" ಎಂದು ಆರಿಸಿದರೆ ಪ್ರೊಫೈಲ್ ನೋಡುವ ಚಾಳಿಯವರನ್ನೇ ಹುಡುಕಿ ತರುತ್ತದೆ. ಪಾರ್ಟಿ ಆರ್ಡರ್ ಬೇಕಿದ್ದರೆ ಮೆಸೇಜ್ ಬರುವಂತೆ ಇಡಿ.

ಖರ್ಚಿನ ಲೆಕ್ಕದಲ್ಲಿ ಶೇ 18 ಜಿಎಸ್‌ಟಿ ಸೇರಿಸಿಕೊಳ್ಳಿ. ಶೇ 5 ತೆರಿಗೆ ವಿಧಿಸುವ ರೆಸ್ಟೊರೆಂಟ್‌ಗಳಿಗೆ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆಯುವ ಸೌಲಭ್ಯ) ಇಲ್ಲದ ಕಾರಣ ಆ 18 ವಾಪಸ್ ಬರುವುದಿಲ್ಲ. ಒಂದು ವಾರ ಸಣ್ಣ ಮೊತ್ತ ಹಾಕಿ, ಗಲ್ಲಾದ ನೋಟ್‌ಬುಕ್ ನೋಡಿ. ಗೀಟು ಹೆಚ್ಚಾಗದಿದ್ದರೆ ನಿಲ್ಲಿಸಿ. "ಇನ್ನೊಂದ್ ತಿಂಗ್ಳು ಹಾಕಿ ನೋಡಿ" ಎನ್ನುವವರು ಕಾರಣ ಹೇಳಲಿ.

ಲಕ್ಷಣ: ಫುಡ್ ವ್ಲಾಗರ್ ಬಂದು ಹೋದರು, ಒಂದು ವಾರ ಜಾತ್ರೆ, ಆಮೇಲೆ ಮೊದಲಿಗಿಂತ ಕಡಿಮೆ

ನನಗೆ ಅತಿ ಹೆಚ್ಚು ಸಂಕಟ ತರುವ ಲಕ್ಷಣ ಇದು. ಇಲ್ಲಿ ಕಳೆದುಹೋಗುವುದು ಹೊಸ ಗಿರಾಕಿ ಮಾತ್ರವಲ್ಲ, ದಿನಾ ಬರುತ್ತಿದ್ದ ಹಳಬರೂ ಹೌದು.

ಕಾವಲಿಯ ಲೆಕ್ಕ ಹಾಕಿ. ನಿಮ್ಮ ಕಾವಲಿಯಲ್ಲಿ ಒಂದು ಸುತ್ತಿಗೆ 8 ದೋಸೆ, ಹಿಟ್ಟು ಹಾಕಿ ತೆಗೆಯುವ ತನಕ 6 ನಿಮಿಷ ಎಂದುಕೊಳ್ಳಿ. ಗಂಟೆಗೆ 80 ದೋಸೆ. ತಲೆಗೆ ಎರಡರಂತೆ ತಿಂದರೆ ಗಂಟೆಗೆ 40 ಜನ. ಪಾರ್ಸೆಲ್ ಸೇರಿದರೆ ಇನ್ನೂ ಕಡಿಮೆ. ಭಾನುವಾರ ಬೆಳಿಗ್ಗೆ ಈಗಾಗಲೇ ಗಂಟೆಗೆ 35 ಜನ ಬರುತ್ತಿದ್ದರೆ, ವ್ಲಾಗ್ ನೋಡಿ ಬರುವ ನೂರು ಜನಕ್ಕೆ ನಿಮ್ಮಲ್ಲಿರುವುದು ಐದು ಜನರ ಜಾಗ. ಉಳಿದವರು ಬಿಸಿಲಲ್ಲಿ ನಿಲ್ಲುತ್ತಾರೆ. ಭಟ್ಟರು ಅವಸರಕ್ಕೆ ಉರಿ ಏರಿಸುತ್ತಾರೆ, ದೋಸೆ ಒಳಗೆ ಹಸಿ ಹೊರಗೆ ಕರಕಲು. ಚಟ್ನಿಗೆ ನೀರು ಬೀಳುತ್ತದೆ. ಹತ್ತು ವರ್ಷದಿಂದ ಮೂಲೆ ಟೇಬಲ್ಲಿನಲ್ಲಿ ಕೂತು ಪೇಪರ್ ಓದುತ್ತಿದ್ದ ಹಿರಿಯರು ಗದ್ದಲ ನೋಡಿ ಹಿಂದಕ್ಕೆ ಹೋಗುತ್ತಾರೆ. ಮುಂದಿನ ವಾರ ವ್ಲಾಗ್‌ನವರೂ ಇಲ್ಲ, ಅವರೂ ಇಲ್ಲ.

ಆದ್ದರಿಂದ ವ್ಲಾಗರ್ ಕರೆಯುವ ಮೊದಲು ನಿಮ್ಮ ಖಾಲಿ ಹೊತ್ತು ಯಾವುದು ಎಂದು ನೋಡಿ, ಅದನ್ನೇ ತೋರಿಸಲು ಹೇಳಿ. ಬೆಳಿಗ್ಗೆ ತುಂಬಿರುವ ಹೋಟೆಲ್ ಸಂಜೆಯ ಮಂಡಕ್ಕಿ, ಮಿರ್ಚಿಯನ್ನು ತೋರಿಸಲಿ. ಮೂಲೆ ಟೇಬಲ್ ಹಳಬರಿಗೇ ಇರಲಿ. ಹಿಟ್ಟು ಮುಗಿದರೆ ಸ್ಟೋರಿಯಲ್ಲಿ ಹೇಳಿಬಿಡಿ: "ಇವತ್ತಿನ ಹಿಟ್ಟು ಮುಗೀತು, ನಾಳೆ ಬೆಳಿಗ್ಗೆ 7ಕ್ಕೆ." ಹರಿಹರದಿಂದ ಹೊರಡಬೇಕೆಂದಿದ್ದವರು ಮನೆಯಲ್ಲೇ ಉಳಿಯುತ್ತಾರೆ, ನಿಮ್ಮ ಬಗ್ಗೆ ಗೌರವವೂ ಉಳಿಯುತ್ತದೆ.

ರೀಲ್‌ನಲ್ಲಿ ಕಂಡದ್ದು ತಟ್ಟೆಯಲ್ಲೂ ಇರಬೇಕು. ಕ್ಯಾಮೆರಾ ಮುಂದೆ ಎರಡು ಮುದ್ದೆ ಬೆಣ್ಣೆ, ಗಿರಾಕಿಗೆ ಅರ್ಧ ಚಮಚ ಎಂದಾದರೆ ಅದು ಯಾರಿಗೆ ಯಾವ ರೀಲ್ ತೋರಿಸಬೇಕೆಂದು ಆರಿಸುವ ಇನ್‌ಸ್ಟಾಗ್ರಾಂ ಅಲ್ಗಾರಿದಂನ ದೋಷವಲ್ಲ. ಬೆಣ್ಣೆಯ ಜೊತೆ ಬೇರೆ ಕೊಬ್ಬು ಬೆರೆಸುವವರು "ಶುದ್ಧ ಬೆಣ್ಣೆ" ಎಂದು ಬರೆಯುವುದು ಸುಳ್ಳು ಜಾಹೀರಾತು. ವ್ಲಾಗರ್‌ಗೆ ದುಡ್ಡು ಕೊಟ್ಟಿದ್ದರೆ, ಬಿಟ್ಟಿ ಊಟ ಕೊಟ್ಟಿದ್ದರೂ ಸರಿ, ಅವರು ಅದನ್ನು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕು ಎಂದು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲವೇ 10 ಲಕ್ಷ ರೂಪಾಯಿ ತನಕ ದಂಡವಿದೆ.

ಸುರಕ್ಷತೆ: ಕಣ್ಸೆಳೆಯಲು ಹೋಗಿ ಅಪಾಯ ತರಬೇಡಿ

ಕೆಂಪಗೆ ಹೊಳೆಯುವ ಗೋಬಿ ರೀಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲಿ, ಕಬಾಬ್‌ಗೆ ಹಾಕುವುದನ್ನು ಅದೇ ವರ್ಷದ ಜೂನ್‌ನಲ್ಲಿ ನಿಷೇಧಿಸಲಾಗಿದೆ. ನಿಮ್ಮ ರೀಲೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ತಿನ್ನುವುದು ನಮ್ಮೂರಿನ ಮಕ್ಕಳು.

ಹೊಗೆ ಬರುವ ತಿಂಡಿಯ ಬಗ್ಗೆ ದಾವಣಗೆರೆಯವರಿಗೆ ಹೊರಗಿನವರು ಹೇಳಬೇಕಾದ್ದಿಲ್ಲ. 2024ರಲ್ಲಿ ಇಲ್ಲಿಯ ವಸ್ತುಪ್ರದರ್ಶನದಲ್ಲಿ ಸ್ಮೋಕ್ ಬಿಸ್ಕತ್ ತಿಂದು ಒದ್ದಾಡಿದ ಹುಡುಗನ ವಿಡಿಯೊ ದೇಶವೆಲ್ಲ ಓಡಿತು. ಆ ಹೊಗೆ ಬರುವುದು ದ್ರವ ಸಾರಜನಕದಿಂದ, ಅದರ ಉಷ್ಣಾಂಶ ಮೈನಸ್ 196 ಡಿಗ್ರಿ. ಪೂರ್ತಿ ಆವಿಯಾಗದೆ ಬಾಯಿಗೆ ಹೋದರೆ ಬಾಯಿ, ಅನ್ನನಾಳ, ಹೊಟ್ಟೆ ಸುಡುತ್ತವೆ. ಎಷ್ಟು ಲಕ್ಷ ಜನ ನೋಡಿದರೂ ಇದು ಬೇಡ.

ಅಡುಗೆಮನೆಯಲ್ಲಿ ಚಿತ್ರೀಕರಿಸುವಾಗ ಎಣ್ಣೆ ಬಾಣಲೆಯ ಮೇಲೆ ಕೈ ಚಾಚಿ ಫೋನ್ ಹಿಡಿಯಬಾರದು. ರೀಲ್‌ಗೆಂದು ಭಟ್ಟರ ಕೈಯಲ್ಲಿ ಉರಿ ಎಬ್ಬಿಸಬಾರದು. ಗ್ಯಾಸ್ ಪೈಪಿನ ಹತ್ತಿರ ಲೈಟಿನ ವೈರ್ ಎಳೆಯಬಾರದು. ಊಟ ಮಾಡುತ್ತಿರುವವರನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು, ಕೇಳದೆ ಚಿತ್ರೀಕರಿಸಬೇಡಿ. ಯಾರಾದರೂ ತೆಗೆಯಿರಿ ಎಂದರೆ ವಾದ ಮಾಡದೆ ಅಳಿಸಿಬಿಡಿ.

ಲಕ್ಷಣ: ಸ್ಟಾರ್ ಇಳಿಯುತ್ತಿದೆ, ಕೆಟ್ಟ ರಿವ್ಯೂಗಳು

ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಓದಿ, ಯಾವ ದೂರು ಮತ್ತೆ ಮತ್ತೆ ಬರುತ್ತಿದೆ ಎಂದು ಬರೆದುಕೊಳ್ಳಿ. ಮೂರು ಜನ "ನೀರಿನ ಲೋಟ ಜಿಡ್ಡು" ಎಂದಿದ್ದರೆ ಲೋಟ ಜಿಡ್ಡೇ. ಮೊದಲು ಲೋಟ ತೊಳೆಸಿ, ಆಮೇಲೆ ಉತ್ತರ ಬರೆಯಿರಿ. ಉತ್ತರ ಚಿಕ್ಕದಿರಲಿ, ಬಹುವಚನದಲ್ಲಿರಲಿ: "ತೊಂದರೆ ಆಗಿದ್ದಕ್ಕೆ ಕ್ಷಮಿಸಿ. ಲೋಟ ತೊಳೆಯುವ ವ್ಯವಸ್ಥೆ ಬದಲಿಸಿದ್ದೇವೆ. ಇನ್ನೊಮ್ಮೆ ಬನ್ನಿ." ಅದನ್ನು ಓದುವುದು ಬರೆದವರೊಬ್ಬರೇ ಅಲ್ಲ, ನಾಳೆ ಬರಬೇಕೆಂದಿರುವವರು.

ರಿವ್ಯೂ ಬರೆದವರಿಗೆ ಒಂದು ಕಾಫಿ ಬಿಟ್ಟಿ ಎಂಬ ಬೋರ್ಡ್ ಬೇಡ. ಪ್ರತಿಫಲ ಕೊಟ್ಟು ಬರೆಸುವುದನ್ನು ಗೂಗಲ್ ಒಪ್ಪುವುದಿಲ್ಲ, ರಿವ್ಯೂಗಳು ಅಳಿದುಹೋಗಬಹುದು. ಒಂದೇ ರಾತ್ರಿ ಮುಖವಿಲ್ಲದ ಖಾತೆಗಳಿಂದ ಒಂದು ಸ್ಟಾರ್‌ಗಳು ಸುರಿದರೆ, "ತೆಗೆಸಬೇಕಂದ್ರೆ ದುಡ್ಡು ಕೊಡಿ" ಎಂಬ ಮೆಸೇಜ್ ಬಂದರೆ, ಉತ್ತರ ಕೊಡಬೇಡಿ, ದುಡ್ಡಂತೂ ಕೊಡಲೇಬೇಡಿ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಗೂಗಲ್‌ಗೆ ವರದಿ ಮಾಡಿ, ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಡಿ.

ಇಲ್ಲಿ ನಿಲ್ಲಿ: "ನಿಮ್ಮಲ್ಲಿ ತಿಂದು ವಾಂತಿ ಭೇದಿ ಆಯ್ತು" ಎಂಬ ದೂರು ಒಂದೇ ದಿನದ ಊಟದ ಬಗ್ಗೆ ಇಬ್ಬರು ಮೂವರಿಂದ ಬಂದರೆ ಇದು ಸೋಷಿಯಲ್ ಮೀಡಿಯಾ ಸಮಸ್ಯೆ ಅಲ್ಲವೇ ಅಲ್ಲ. ಆ ಪದಾರ್ಥ ಬಡಿಸುವುದನ್ನು ತಕ್ಷಣ ನಿಲ್ಲಿಸಿ, ಉಳಿದದ್ದನ್ನು ಚೆಲ್ಲದೆ ಬೇರೆ ಎತ್ತಿಡಿ, ದೂರು ಕೊಟ್ಟವರಿಗೆ ಕರೆ ಮಾಡಿ ಆಸ್ಪತ್ರೆಗೆ ಹೋಗಲು ಹೇಳಿ, ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಕಮೆಂಟ್ ಅಳಿಸುವುದು, ವಾದ ಮಾಡುವುದು ಆಮೇಲೂ ಬೇಡ.

ಲಕ್ಷಣ: ಲಾಗಿನ್ ಆಗುತ್ತಿಲ್ಲ, ಪೇಜ್ ಕೈಬಿಟ್ಟುಹೋಗಿದೆ

ಸಾಮಾನ್ಯವಾಗಿ ಎರಡು ಕಾರಣ. ಒಂದು, ಪೇಜ್ ಮಾಡಿಕೊಟ್ಟ ಹುಡುಗ ತನ್ನದೇ ನಂಬರ್, ತನ್ನದೇ ಇಮೇಲ್ ಹಾಕಿದ್ದಾನೆ, ಈಗ ಬೆಂಗಳೂರಿಗೆ ಹೋಗಿದ್ದಾನೆ. ಜಗಳಕ್ಕಿಂತ ಮೊದಲು ಒಂದು ಫೋನ್ ಮಾಡಿ, "ತಮ್ಮಾ, ನಂಬರ್ ಬದ್ಲಿಸಿಕೊಡಪ್ಪಾ" ಎಂದು ಕೇಳಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಮೋಸ. "ನಿಮ್ಮ ಪೇಜ್ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸುತ್ತೇವೆ, ಈ ಲಿಂಕ್ ಒತ್ತಿ" ಎಂಬ ಮೆಸೇಜ್ ಬಂದಿರುತ್ತದೆ, ಗಾಬರಿಯಲ್ಲಿ ಒತ್ತಿ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಹಾಗಾಗಿದ್ದರೆ ಕೂಡಲೇ ಇಮೇಲ್‌ನ ಪಾಸ್‌ವರ್ಡ್ ಬದಲಿಸಿ. "ನಿಮ್ಮ ಇಮೇಲ್ ಬದಲಾಗಿದೆ" ಎಂದು ಇನ್‌ಸ್ಟಾಗ್ರಾಂನಿಂದ ಪತ್ರ ಬಂದಿದೆಯಾ ನೋಡಿ. ಅದರಲ್ಲಿ ಬದಲಾವಣೆಯನ್ನು ಹಿಂದೆಗೆಯುವ ದಾರಿ ಇರುತ್ತದೆ. ಲಾಗಿನ್ ಪರದೆಯಲ್ಲಿರುವ ಸಹಾಯದ ಮೂಲಕವೇ ಮರಳಿ ಪಡೆಯಲು ಯತ್ನಿಸಿ. "ನಾನು ತೆಗೆಸಿಕೊಡ್ತೀನಿ" ಎಂದು ಕಮೆಂಟಿನಲ್ಲಿ ಬರುವವರು ಎರಡನೇ ಸಲ ಮೋಸ ಮಾಡುವವರು. ಪೇಜ್ ಹೆಸರಿನಲ್ಲಿ ಗಿರಾಕಿಗಳ ಹತ್ತಿರ ಮುಂಗಡ ಕೇಳುತ್ತಿದ್ದಾರೆ ಎಂದು ತಿಳಿದರೆ ಕಾಯಬೇಡಿ: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಹೋಟೆಲ್ ಬಾಗಿಲಲ್ಲಿ ಮತ್ತು ವಾಟ್ಸಾಪ್ ಸ್ಟೇಟಸ್‌ನಲ್ಲಿ "ನಮ್ಮ ಪೇಜ್ ಸದ್ಯ ನಮ್ಮ ಕೈಯಲ್ಲಿಲ್ಲ, ಯಾರಿಗೂ ದುಡ್ಡು ಹಾಕಬೇಡಿ" ಎಂದು ಹಾಕಿ.

ಪೇಜ್ ಕೈಯಲ್ಲಿರುವಾಗಲೇ ಮಾಡಿಡಬೇಕಾದದ್ದು: ಮಾಲೀಕರದೇ ನಂಬರ್ ಮತ್ತು ಇಮೇಲ್, ಎರಡು ಹಂತದ ದೃಢೀಕರಣ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಲೈಸೆನ್ಸ್ ಫೈಲಿನಲ್ಲಿಡುವುದು. ಪೇಜ್ ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಂಡರೆ ಫೇಸ್‌ಬುಕ್ ಪೇಜ್‌ಗೆ, ಗೂಗಲ್ ಪ್ರೊಫೈಲ್‌ಗೆ ಅವರನ್ನು ಮ್ಯಾನೇಜರ್ ಆಗಿ ಸೇರಿಸಿ, ಪಾಸ್‌ವರ್ಡ್ ಕೊಡಬೇಕಿಲ್ಲ. ಕೆಲಸ ಕೊಡುವ ಮೊದಲು ಮೂರು ಕೇಳಿ. ತಿಂಗಳ ಕೊನೆಗೆ ದಾರಿ ಕೇಳಿದವರ, ಕರೆ ಮಾಡಿದವರ ಲೆಕ್ಕ ಕೊಡುತ್ತೀರಾ? ಜಾಹೀರಾತಿನ ದುಡ್ಡು ನಮ್ಮ ಕಾರ್ಡಿನಿಂದಲೇ ಹೋಗುತ್ತದಾ? ಕೆಲಸ ಬಿಟ್ಟಾಗ ಫೋಟೊ, ವಿಡಿಯೊ ನಮ್ಮ ಹತ್ತಿರ ಉಳಿಯುತ್ತವಾ? ಮೂರಕ್ಕೂ ಹೌದು ಎಂದವರಿಗೆ ಮೊದಲು ಒಂದು ತಿಂಗಳ ಕೆಲಸ ಮಾತ್ರ ಕೊಡಿ, ಮಾತಾಡಿದ್ದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ.